ತೊಟ್ಟಿಯಲ್ಲಿ ಕಬ್ಬಿಣ ಇದೆ, ಗಿಡಕ್ಕೆ ಸಿಗುತ್ತಿಲ್ಲ

(ಮಣ್ಣಿಲ್ಲದೆ, ಪೋಷಕ ದ್ರಾವಣದಲ್ಲಿ ಗಿಡ ಬೆಳೆಸುವವರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಈ ಮೇಜಿನ ಕಡೆ ಸ್ವಲ್ಪ ನೋಡಿ. ಮೂರು ಗಾಜಿನ ಲೋಟ ಇಟ್ಟಿದ್ದೇನೆ. ಮೂರರಲ್ಲೂ ಇರುವುದು ಕಬ್ಬಿಣ ಕರಗಿಸಿದ ನೀರೇ. ಮೊದಲ ಲೋಟದಲ್ಲಿ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ನೀರು ತೆಳು ಹಸಿರಾಗಿದೆ. ಎರಡನೆಯದರಲ್ಲಿ ಇಡಿಟಿಎ ಕಬ್ಬಿಣ, ಅಂದರೆ ಇಡಿಟಿಎ ಅನ್ನುವ ರಾಸಾಯನಿಕ ಹಿಡಿದುಕೊಂಡ ಕಬ್ಬಿಣ, ಹಳದಿ ಬಣ್ಣ. ಮೂರನೆಯದು ಕಡುಗೆಂಪು, ಅಂಥದ್ದೇ ಇನ್ನೊಂದು ರಾಸಾಯನಿಕ ಹಿಡಿದ ಇಡಿಡಿಎಚ್‌ಎ ಕಬ್ಬಿಣ. ಈಗ ಮೂರಕ್ಕೂ ಒಂದೊಂದು ಚಮಚ ಅಡುಗೆ ಸೋಡಾ ಹಾಕಿ ಕಲಕುತ್ತೇನೆ. ನೀರಿನ ಪಿಎಚ್, ಅಂದರೆ ಹುಳಿಯ ಅಳತೆ, ಎಂಟರ ಆಸುಪಾಸಿಗೆ ಬರುತ್ತದೆ; ಅಂಕಿ ಏರಿದಷ್ಟೂ ಹುಳಿ ಕಡಿಮೆ.

ಮೊದಲ ಲೋಟ ನೋಡಿ, ಆಗಲೇ ಕದಡಿತು. ಒಳಗೆ ಕೊಳೆ ಹಸಿರು ಬಣ್ಣದ ಮೋಡ ಕವಿದ ಹಾಗಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಗಾಳಿ ತಗಲುವ ಮೇಲುಭಾಗ ಕಂದಾಗುತ್ತದೆ. ಆಮೇಲೆ ತುಕ್ಕಿನ ಬಣ್ಣದ ಗಸಿ ತಳಕ್ಕೆ ಇಳಿಯುತ್ತದೆ. ಉಳಿದ ಎರಡು ಲೋಟ ಸದ್ಯಕ್ಕೆ ತಿಳಿಯಾಗಿಯೇ ಇವೆ. ಮೂರನ್ನೂ ಹೀಗೇ ಬಿಡೋಣ. ಮಾತು ಮುಗಿಯುವ ಹೊತ್ತಿಗೆ ಹತ್ತಿರ ಬಂದು ನೋಡಿ.

ಲೋಟದಿಂದ ಒಂದು ಹನಿಯೂ ಹೊರಗೆ ಹೋಗಿಲ್ಲ. ಹಾಕಿದ ಕಬ್ಬಿಣ ಹಾಕಿದಷ್ಟೇ ಇದೆ. ಇಡೀ ಲೋಟಕ್ಕೆ ಆಮ್ಲ ಹಾಕಿ, ಗಸಿಯನ್ನೂ ಕರಗಿಸಿ ಅಳೆದರೆ ಲೆಕ್ಕ ಸರಿಯಾಗಿ ಬರುತ್ತದೆ. ಆದರೆ ಬೇರಿಗೆ ಬೇಕಾದದ್ದು ಕರಗಿದ ಕಬ್ಬಿಣ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತೀವಲ್ಲ, ಆ ಗಿಡದ ಸ್ಥಿತಿ ಹಾಗೆ. ದ್ರಾವಣದಲ್ಲಿ ಲೋಹ ಎಷ್ಟಿದೆ ಅಂತ ನಾವೆಲ್ಲ ಕೇಳುತ್ತೇವೆ. ಅದು ಈಗ ಯಾರ ಕೈಯಲ್ಲಿದೆ ಅಂತ ಕೇಳುವುದು ಕಡಿಮೆ. ಇವತ್ತಿನ ನನ್ನ ಮಾತೆಲ್ಲ ಆ ಎರಡನೇ ಪ್ರಶ್ನೆಯ ಬಗ್ಗೆ.

ಈ ಪ್ರಶ್ನೆ ನನಗೆ ಹೊಳೆದದ್ದು ಒಂದು ಬೆಳೆ ಕೈಕೊಟ್ಟಾಗ. ಆಗ ನನ್ನ ಹತ್ತಿರ 200 ಲೀಟರ್‌ನ ಒಂದು ತೊಟ್ಟಿ ಇತ್ತು, ಮೇಲೆ ಲೆಟಿಸ್ ಸಸಿಗಳು. ಮೂರನೇ ವಾರದಲ್ಲಿ ನಡುವಿನ ಎಳೆ ಎಲೆಗಳು ಬಿಳಿಚಿಕೊಂಡವು. ನರಗಳು ಹಸಿರು, ನರಗಳ ನಡುವಿನ ಜಾಗ ಹಳದಿ. ಕೆಳಗಿನ ಹಳೆ ಎಲೆಗಳು ಚೆನ್ನಾಗೇ ಇದ್ದವು. ಇದು ಕಬ್ಬಿಣದ ಕೊರತೆ ಅಂತ ಗುರುತು ಹಿಡಿಯುವುದು ಕಷ್ಟವಿರಲಿಲ್ಲ. ಇಡಿಟಿಎ ಕಬ್ಬಿಣ ಹಾಕಿದೆ. ನಾಲ್ಕು ದಿನ ಕಾದೆ. ಏನೂ ಆಗಲಿಲ್ಲ. ಮತ್ತೆ ಹಾಕಿದೆ. ಹೊಸದಾಗಿ ಬಂದ ಎಲೆ ಇನ್ನೂ ಹಳದಿ. ಮೀಟರ್ 6.2 ತೋರಿಸುತ್ತಿತ್ತು, ಹಾಗಾಗಿ ಪಿಎಚ್ ಮೇಲೆ ಅನುಮಾನವೇ ಬರಲಿಲ್ಲ. ಕೊನೆಗೊಂದು ದಿನ ಮೀಟರನ್ನು ಪಿಎಚ್ ಮೊದಲೇ ಗೊತ್ತಿರುವ, 7.00 ಮತ್ತು 4.01ರ ಬಫರ್ ದ್ರಾವಣದಲ್ಲಿ ಅದ್ದಿ ನೋಡಿದೆ. ತುದಿಯ ಗಾಜಿನ ಗುಬುಟು ಒಣಗಿ ಹೋಗಿತ್ತು, ಅಳತೆ ಒಂದಕ್ಕಿಂತ ಜಾಸ್ತಿ ತಪ್ಪಿತ್ತು. ತೊಟ್ಟಿಯ ನಿಜವಾದ ಪಿಎಚ್ 7.4.

ಅರ್ಧ ದ್ರಾವಣ ಹೊರಗೆ ಚೆಲ್ಲಿ, ಹೊಸದು ತುಂಬಿ, ಆಮ್ಲ ಹಾಕಿ 5.8ಕ್ಕೆ ತಂದೆ. ಹೆಚ್ಚಿಗೆ ಕಬ್ಬಿಣ ಹಾಕಲೇ ಇಲ್ಲ. ವಾರದೊಳಗೆ ನಡುವಿನಿಂದ ಮೂಡಿದ ಎಲೆ ಹಸಿರಾಗಿತ್ತು. ಆ ಒಂದು ಎಲೆಯನ್ನು ನಾನು ಎಷ್ಟು ಹೊತ್ತು ನೋಡುತ್ತಾ ನಿಂತಿದ್ದೆ ಅಂತ ಈಗಲೂ ನೆನಪಿದೆ.

ಈಗ ಒಳಗೆ ಏನು ನಡೆಯುತ್ತದೆ ನೋಡೋಣ. ಪಿಎಚ್ ಅನ್ನುವ ಅಳತೆಯನ್ನು 1909ರಲ್ಲಿ ಕೊಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್ಸೆನ್ ತಂದರು. ನೀರಿನಲ್ಲಿರುವ ಹೈಡ್ರೋಜನ್ ಅಯಾನುಗಳ, ಅಂದರೆ ವಿದ್ಯುದಾವೇಶ ಇರುವ ಕಣಗಳ, ಲೆಕ್ಕ ಅದು. ಅಂಕಿ ಒಂದು ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. 5.5ಕ್ಕೂ 7.5ಕ್ಕೂ ಎರಡೇ ಅಂಕಿ ವ್ಯತ್ಯಾಸ ಅನ್ನಿಸುತ್ತೆ ಅಲ್ವಾ? ನಿಜದಲ್ಲಿ ಅದು ನೂರು ಪಟ್ಟು. ಹೈಡ್ರೋಜನ್ ಕಡಿಮೆಯಾದಂತೆ ಅದರ ಜೋಡಿಯಾದ ಹೈಡ್ರಾಕ್ಸೈಡ್ ಅದೇ ಪ್ರಮಾಣದಲ್ಲಿ ಜಾಸ್ತಿಯಾಗುತ್ತದೆ. ಲೋಹಗಳಿಗೆ ತೊಂದರೆ ಶುರುವಾಗುವುದು ಈ ಹೈಡ್ರಾಕ್ಸೈಡ್‌ನಿಂದ.

ಫೆರಿಕ್ ಅಂದರೆ ಗಾಳಿ ತಾಗಿ ತುಕ್ಕಾಗುವ ರೂಪದ ಕಬ್ಬಿಣ. ಅದರ ಒಂದು ಅಯಾನು ಮೂರು ಹೈಡ್ರಾಕ್ಸೈಡ್‌ಗಳನ್ನು ಹಿಡಿದು ಗಸಿಯಾಗುತ್ತದೆ. ಮೂರು ಅನ್ನುವುದನ್ನು ಗಮನಿಸಿ. ಪಿಎಚ್ ಒಂದು ಅಂಕಿ ಏರಿದಾಗ ಹೈಡ್ರಾಕ್ಸೈಡ್ ಹತ್ತು ಪಟ್ಟು. ಹತ್ತನ್ನು ಮೂರು ಸಲ ಗುಣಿಸಿ, ಸಾವಿರ. ಅಂದರೆ ಪ್ರತಿ ಒಂದು ಅಂಕಿಗೆ ನೀರಿನಲ್ಲಿ ಬಿಡಿಯಾಗಿ ಉಳಿಯಬಲ್ಲ ಫೆರಿಕ್ ಅಯಾನು ಸಾವಿರ ಪಟ್ಟು ಇಳಿಯುತ್ತದೆ. ಎರಡು ಅಂಕಿಗೆ ಹತ್ತು ಲಕ್ಷ ಪಟ್ಟು. ಕಬ್ಬಿಣ ಅರ್ಧಂಬರ್ಧ ಹೈಡ್ರಾಕ್ಸೈಡ್ ಹಿಡಿದುಕೊಂಡೂ ಸ್ವಲ್ಪ ಕರಗಿರುತ್ತದೆ. ಹಾಗಾಗಿ ಒಟ್ಟು ಕರಗಿದ ಕಬ್ಬಿಣ ಇಷ್ಟು ಕಡಿದಾಗಿ ಬೀಳುವುದಿಲ್ಲ. ಆದರೂ ಗಾಳಿಯಾಡುವ, ತಟಸ್ಥ ನೀರಿನಲ್ಲಿ, ಬೇರೆ ಯಾವ ಆಸರೆಯೂ ಇಲ್ಲದೆ ಕರಗಿ ನಿಲ್ಲುವ ಕಬ್ಬಿಣ ಲೀಟರ್‌ಗೆ ಒಂದು ಮಿಲಿಗ್ರಾಂನ ಸಾವಿರದಲ್ಲಿ ಒಂದು ಪಾಲೂ ಇರುವುದಿಲ್ಲ. ನಾವು ತೊಟ್ಟಿಗೆ ಹಾಕುವುದು ಲೀಟರ್‌ಗೆ ಒಂದೆರಡು ಮಿಲಿಗ್ರಾಂ. ಉಳಿದದ್ದೆಲ್ಲ ಎಲ್ಲಿ ಹೋಗಬೇಕು? ತಳಕ್ಕೆ.

ಹಾಗಾದರೆ ಅನ್ನಭೇದಿಯಲ್ಲಿರುವ ಫೆರಸ್ ಕಬ್ಬಿಣ? ಅದು ಇಷ್ಟು ಬೇಗ ಗಸಿಯಾಗುವುದಿಲ್ಲ, ನಿಜ. ಆದರೆ ಗಾಳಿ ತಾಗಿದರೆ ಅದು ಫೆರಿಕ್ ಆಗಿಬಿಡುತ್ತದೆ. ಆ ವೇಗವೂ ಪಿಎಚ್ ಕೈಯಲ್ಲೇ ಇದೆ. ನಮಗೆ ಬೇಕಾದ ವ್ಯಾಪ್ತಿಯಲ್ಲಿ ಪಿಎಚ್ ಒಂದು ಅಂಕಿ ಏರಿದರೆ ಈ ಬದಲಾವಣೆ ಸುಮಾರು ನೂರು ಪಟ್ಟು ವೇಗವಾಗುತ್ತದೆ. ಬೇರು ಉಸಿರಾಡಲಿ ಅಂತ ನಾವು ತೊಟ್ಟಿಯಲ್ಲಿ ಗಾಳಿ ಗುಳ್ಳೆ ಬಿಡುತ್ತೇವೆ, ಬಿಡಲೇಬೇಕು. ಅದೇ ಗಾಳಿ ಅನ್ನಭೇದಿಯನ್ನು ತುಕ್ಕು ಮಾಡುತ್ತದೆ.

ಇದು ಹೊಸ ಸಮಸ್ಯೆ ಅಲ್ಲ. 1840ರ ದಶಕದಲ್ಲಿ ಫ್ರಾನ್ಸ್‌ನ ಯೂಸೆಬ್ ಗ್ರಿ ಎನ್ನುವವರು ಹಳದಿಗಟ್ಟಿದ ಗಿಡಗಳಿಗೆ ಕಬ್ಬಿಣದ ಲವಣ ಕೊಟ್ಟು ಹಸಿರಾಗುವುದನ್ನು ತೋರಿಸಿದ್ದರು. 1860ರ ಹೊತ್ತಿಗೆ ಜರ್ಮನಿಯಲ್ಲಿ ಸಾಕ್ಸ್ ಮತ್ತು ಕ್ನೋಪ್ ಬರೀ ಲವಣ ಕರಗಿಸಿದ ನೀರಿನಲ್ಲಿ ಗಿಡ ಬೆಳೆಸಿದರು. ಅವತ್ತಿನಿಂದ ಸುಮಾರು ತೊಂಬತ್ತು ವರ್ಷ ನೀರಿನಲ್ಲಿ ಬೆಳೆ ತೆಗೆಯುವವರಿಗೆಲ್ಲ ಕಬ್ಬಿಣವೇ ತಲೆನೋವು. ಕ್ಯಾಲಿಫೋರ್ನಿಯಾದ ಹೋಗ್ಲಂಡ್ ಮತ್ತು ಆರ್ನನ್ 1938ರಲ್ಲಿ ಕೊಟ್ಟ ಹೆಸರಾಂತ ದ್ರಾವಣದಲ್ಲೂ ಕಬ್ಬಿಣವನ್ನು ಟಾರ್ಟರೇಟ್ ರೂಪದಲ್ಲಿ ಬೇರೆಯಾಗಿ, ಮತ್ತೆ ಮತ್ತೆ ಹಾಕಬೇಕಿತ್ತು. ಒಂದೇ ಸಲ ಹಾಕಿದರೆ ಅದು ನಿಲ್ಲುತ್ತಿರಲಿಲ್ಲ. 1951ರಲ್ಲಿ ಜೇಕಬ್‌ಸನ್ ಇಡಿಟಿಎ ಜೊತೆ ಕಟ್ಟಿದ ಕಬ್ಬಿಣವನ್ನು ಒಂದೇ ಸಲ ಹಾಕಿ, ಗಿಡ ಹಸಿರಾಗೇ ಉಳಿಯುವುದನ್ನು ತೋರಿಸಿದರು. ನಮ್ಮ ಇವತ್ತಿನ ಎಲ್ಲ ದ್ರಾವಣಗಳ ಹಿಂದೆ ಆ ಕೆಲಸ ಇದೆ ಅಂತ ನಾನು ನಂಬಿದ್ದೇನೆ.

ಇಡಿಟಿಎ ಮಾಡುವುದೇನು? ಅದೊಂದು ಚಿಲೇಟ್. ಚಿಲೇಟ್ ಅನ್ನುವ ಪದದ ಮೂಲ ಗ್ರೀಕಿನದು, ಏಡಿಯ ಕೊಂಡಿ ಅಂತ ಅರ್ಥ. ಏಡಿ ತನ್ನ ಕೊಂಡಿಯಿಂದ ಹಿಡಿದ ಹಾಗೆ ಈ ಅಣು ಕಬ್ಬಿಣವನ್ನು ಆರು ಕಡೆಯಿಂದ ತಬ್ಬಿ ಹಿಡಿಯುತ್ತದೆ. ಹೈಡ್ರಾಕ್ಸೈಡ್‌ಗೆ ಜಾಗ ಸಿಗುವುದಿಲ್ಲ. ಕಬ್ಬಿಣ ನೀರಿನಲ್ಲೇ ತೇಲಿಕೊಂಡು ಬೇರಿನ ತನಕ ಹೋಗುತ್ತದೆ.

ಆದರೆ ಹಿಡಿತಕ್ಕೂ ಮಿತಿ ಇದೆ. ಪಿಎಚ್ ಏರಿದಂತೆ ಹೈಡ್ರಾಕ್ಸೈಡ್ ಎಳೆಯುವ ಬಲ ಜಾಸ್ತಿಯಾಗುತ್ತದೆ. ಇನ್ನೊಂದು ಕಡೆಯಿಂದ ಕ್ಯಾಲ್ಸಿಯಂ ಬಂದು ಇಡಿಟಿಎಯನ್ನೇ ಎಳೆಯುತ್ತದೆ. ಕ್ಯಾಲ್ಸಿಯಂನ ಹಿಡಿತ ಸಡಿಲ, ಆದರೆ ಸಂಖ್ಯೆ ದೊಡ್ಡದು. ಲೀಟರ್‌ಗೆ ಒಂದೆರಡು ಮಿಲಿಗ್ರಾಂ ಕಬ್ಬಿಣದ ಎದುರು 150, 200 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಈ ಜಗ್ಗಾಟದಲ್ಲಿ ಇಡಿಟಿಎ ಸುಮಾರು 6.5ರ ತನಕ ಕಬ್ಬಿಣವನ್ನು ಕಾಯುತ್ತದೆ. ಡಿಟಿಪಿಎ ಅನ್ನುವ ಅದರ ಅಣ್ಣ ಏಳು, ಏಳೂವರೆಯ ತನಕ ತಡೆಯುತ್ತದೆ. ಕೆಂಪು ಬಣ್ಣದ ಇಡಿಡಿಎಚ್‌ಎ ಒಂಬತ್ತಕ್ಕೂ ಬಗ್ಗುವುದಿಲ್ಲ. ಇವು ಗೋಡೆ ಕಟ್ಟಿದಂಥ ಗಡಿಗಳಲ್ಲ. ಇಡಿಟಿಎ ಕಬ್ಬಿಣ ಏಳಕ್ಕೆ ಬಂದ ಕೂಡಲೇ ಬೀಳುವುದಿಲ್ಲ, ಗಂಟೆಗಳಲ್ಲಿ, ದಿನಗಳಲ್ಲಿ ನಿಧಾನವಾಗಿ ಕಳಚಿಕೊಳ್ಳುತ್ತದೆ. ಅದಕ್ಕೇ ಎರಡನೇ ಲೋಟ ಇನ್ನೂ ತಿಳಿಯಾಗಿದೆ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಆ ಲೋಟದಲ್ಲಿ ಕ್ಯಾಲ್ಸಿಯಂ ಇಲ್ಲ, ನಿಮ್ಮ ತೊಟ್ಟಿಯಲ್ಲಿ ಇದೆ.

ಇಲ್ಲಿಂದ ಮುಂದೆ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ಹೆಚ್ಚಿನವರು ಇದನ್ನು ಲೆಕ್ಕಕ್ಕೆ ತಗೊಳ್ಳುವುದೇ ಇಲ್ಲ. ಕಬ್ಬಿಣ ಕಳಚಿಕೊಂಡ ಮೇಲೆ ಇಡಿಟಿಎ ಖಾಲಿ ಕೈಯಲ್ಲಿ ಕೂರುತ್ತದೆಯೇ? ಇಲ್ಲ. ಸುತ್ತ ಇರುವ ತಾಮ್ರ ಮತ್ತು ಸತುವನ್ನು ಹಿಡಿಯುತ್ತದೆ. ಈ ಎರಡರ ಮೇಲೂ ಅದರ ಹಿಡಿತ ಕ್ಯಾಲ್ಸಿಯಂಗಿಂತ ಲಕ್ಷಾಂತರ ಪಟ್ಟು ಬಿಗಿ. ತೊಟ್ಟಿಯಲ್ಲಿ ತಾಮ್ರ ಇರುವುದು ಲೀಟರ್‌ಗೆ ಸುಮಾರು 0.02 ಮಿಲಿಗ್ರಾಂ, ಸತು 0.05. ಒಂದೆರಡು ಮಿಲಿಗ್ರಾಂ ಕಬ್ಬಿಣ ಬಿಟ್ಟುಕೊಟ್ಟ ಇಡಿಟಿಎಗೆ ಇವೆರಡನ್ನೂ ಪೂರ್ತಿ ಸುತ್ತಿಕೊಂಡು ಇನ್ನೂ ಕೈ ಮಿಗುತ್ತದೆ. ತಾಮ್ರ, ಸತು ಕರಗೇ ಇರುತ್ತವೆ, ಪರೀಕ್ಷೆಯಲ್ಲಿ ಸರಿಯಾಗೇ ಬರುತ್ತವೆ. ಆದರೆ ಬೇರು ಹೆಚ್ಚಾಗಿ ಬಯಸುವುದು ಬಿಡಿ ಅಯಾನನ್ನು, ಅದು ಕಡಿಮೆಯಾಗಿಬಿಡುತ್ತದೆ.

ಇನ್ನೊಂದು ಕಡೆ, ಬಿದ್ದ ಕಬ್ಬಿಣದ ಗಸಿಯೂ ಸುಮ್ನೆ ಇರುವುದಿಲ್ಲ. ಹೊಸದಾಗಿ ಬಿದ್ದ ತುಕ್ಕು ಹತ್ತಿಯ ಹಾಗೆ. ಅದರ ಮೇಲ್ಮೈ ತುಂಬ ದೊಡ್ಡದು, ಬಿಡಿ ಲೋಹಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಇದೂ ಪಿಎಚ್‌ನ ಆಟವೇ. ಐದರಿಂದ ಏಳರ ನಡುವಿನ ಸಣ್ಣ ಅಂತರದಲ್ಲೇ ಅಂಟುವುದು ಥಟ್ಟನೆ ಏರುತ್ತದೆ. ಮೊದಲು ತಾಮ್ರ, ಸ್ವಲ್ಪ ಮೇಲೆ ಸತು. ಫಾಸ್ಫೇಟ್ ಕೂಡ ಹೋಗಿ ಅದೇ ಗಸಿಗೆ ಸೇರಿಕೊಳ್ಳುತ್ತದೆ. ಈಗ ನನ್ನ ಆ ಲೆಟಿಸ್ ತೊಟ್ಟಿಯನ್ನು ನೆನೆಸಿಕೊಳ್ಳಿ. 7.4ರಲ್ಲಿ ನಾನು ಮತ್ತೆ ಮತ್ತೆ ಇಡಿಟಿಎ ಕಬ್ಬಿಣ ಸುರಿಯುತ್ತಿದ್ದೆ. ಕಬ್ಬಿಣದ ಕೊರತೆ ನೀಗಿಸುತ್ತೇನೆ ಅಂತ ಹೊರಟು, ಗಸಿಯನ್ನೂ ಖಾಲಿ ಇಡಿಟಿಎಯನ್ನೂ ಹೆಚ್ಚಿಸಿ, ತಾಮ್ರ ಸತುವಿಗೂ ಕುತ್ತು ತರುತ್ತಿದ್ದೆ. ಕೊರತೆ ಕಂಡ ಕೂಡಲೇ ಪುಡಿಯ ಡಬ್ಬಿಗೆ ಕೈ ಹಾಕಬೇಡಿ, ಮೊದಲು ಮೀಟರ್ ಅದ್ದಿ ಅಂತ ನಾನು ಹಠ ಹಿಡಿದು ಹೇಳುವುದು ಇದಕ್ಕೇ.

ಉಳಿದ ಲೋಹಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮ್ಯಾಂಗನೀಸ್ ಏಳರ ಕೆಳಗೆ ಆರಾಮಾಗಿ ಕರಗಿರುತ್ತದೆ. ಅದಕ್ಕಿಂತ ಮೇಲೆ ಗಾಳಿ ಮತ್ತು ಸೂಕ್ಷ್ಮಜೀವಿಗಳು ಸೇರಿ ಅದನ್ನು ಕಪ್ಪು ಕಂದು ಗಸಿ ಮಾಡುತ್ತವೆ. ಹನಿ ಪೈಪಿನ ಒಳಗೆ ಜಾರುವ ಕಪ್ಪು ಪದರ ಕಂಡರೆ ಎಷ್ಟೋ ಸಲ ಅದು ಇದೇ. ಸತು ಮತ್ತು ತಾಮ್ರ ನಾವು ಹಾಕುವಷ್ಟು ಸಣ್ಣ ಪ್ರಮಾಣದಲ್ಲಿ, ಏಳರ ಆಸುಪಾಸಿನಲ್ಲಿ ತಾವಾಗಿ ಹೈಡ್ರಾಕ್ಸೈಡ್ ಗಸಿ ಆಗುವುದು ಕಡಿಮೆ. ಅವು ಕಳೆದುಹೋಗುವುದು ಈಗ ಹೇಳಿದ ಅಂಟು, ಹಿಡಿತಗಳಿಂದ. ಬೋರಾನ್ ಲೋಹ ಅಲ್ಲ, ಆದರೂ ಈ ಗುಂಪಿನ ಜೊತೆಗೇ ಬರುತ್ತದೆ. ನಮ್ಮ ವ್ಯಾಪ್ತಿಯಲ್ಲೆಲ್ಲ ಅದು ಬೋರಿಕ್ ಆಮ್ಲವಾಗೇ ಇರುತ್ತದೆ, ಒಂಬತ್ತರ ಹತ್ತಿರ ಹೋಗುವ ತನಕ ಬದಲಾಗುವುದಿಲ್ಲ.

ಮಾಲಿಬ್ಡಿನಮ್ ಮಾತ್ರ ಉಲ್ಟಾ. ಅದು ನೀರಿನಲ್ಲಿ ಇರುವುದು ಋಣ ಅಯಾನಾಗಿ. ಹುಳಿ ಜಾಸ್ತಿಯಾದರೆ ಅದು ಕಬ್ಬಿಣದ ಗಸಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಪಿಎಚ್ ಏರಿದರೆ ಬಿಡಿಸಿಕೊಳ್ಳುತ್ತದೆ. ಗಿಡಕ್ಕೆ ಮಾಲಿಬ್ಡಿನಮ್ ಬೇಕೇ ಬೇಕು ಅಂತ ಗೊತ್ತಾದದ್ದು ಕೂಡ ಪೋಷಕ ದ್ರಾವಣದಲ್ಲೇ. 1939ರಲ್ಲಿ ಆರ್ನನ್ ಮತ್ತು ಸ್ಟೌಟ್ ಟೊಮೆಟೊ ಗಿಡದಲ್ಲಿ ಅದನ್ನು ತೋರಿಸಿದರು. ಬೇಕಾಗುವುದು ಲೀಟರ್‌ಗೆ 0.01 ಮಿಲಿಗ್ರಾಂನಷ್ಟು.

ನೀವೆಲ್ಲ ಒಂದು ಚಿತ್ರ ನೋಡಿರುತ್ತೀರಿ. ಪಿಎಚ್ ನಾಲ್ಕರಿಂದ ಹತ್ತರ ತನಕ ಅಡ್ಡ ಪಟ್ಟಿಗಳು, ಒಂದೊಂದು ಪೋಷಕಾಂಶಕ್ಕೆ ಒಂದೊಂದು ಪಟ್ಟಿ. ದಪ್ಪ ಇದ್ದ ಕಡೆ ಚೆನ್ನಾಗಿ ಸಿಗುತ್ತದೆ, ತೆಳು ಇದ್ದ ಕಡೆ ಕಡಿಮೆ. ಆ ಚಿತ್ರ 1940ರ ದಶಕದಲ್ಲಿ ಅಮೆರಿಕದ ಎಮಿಲ್ ಟ್ರೂಗ್ ಮಣ್ಣಿಗಾಗಿ ಬರೆದದ್ದು. ಮಣ್ಣಿನಲ್ಲಿ ಜೇಡಿ ಇದೆ, ಸಾವಯವ ಪದಾರ್ಥ ಇದೆ, ಸುಣ್ಣ ಇದೆ. ತೊಟ್ಟಿಯಲ್ಲಿ ಅವು ಯಾವುವೂ ಇಲ್ಲ, ಬದಲಿಗೆ ಚಿಲೇಟ್ ಇದೆ. ಆ ಚಿತ್ರವನ್ನು ಹಾಗೇ ತಂದು ತೊಟ್ಟಿಯ ಪಕ್ಕ ಅಂಟಿಸುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಮಣ್ಣಿನಲ್ಲಿ 6.5 ತುಂಬ ಒಳ್ಳೆಯ ಅಂಕಿ. ತೊಟ್ಟಿಯಲ್ಲಿ ಇಡಿಟಿಎ ಕಬ್ಬಿಣ ಇದ್ದರೆ ಅದು ಆಗಲೇ ಅಂಚು.

ಹಾಗಾದರೆ ಹುಳಿ ಜಾಸ್ತಿ ಇದ್ದಷ್ಟೂ ಒಳ್ಳೆಯದಾ? ಲೋಹ ಕರಗಿರುತ್ತದೆ, ನಿಜ. ಆದರೆ ಬೇರಿನ ಬಾಗಿಲಲ್ಲಿ ಹೈಡ್ರೋಜನ್ ಅಯಾನುಗಳ ನೂಕುನುಗ್ಗಲು ಆಗುತ್ತದೆ. ಮ್ಯಾಂಗನೀಸ್, ಸತು, ತಾಮ್ರ, ಕ್ಯಾಲ್ಸಿಯಂ ಎಲ್ಲವೂ ಧನ ಅಯಾನುಗಳೇ, ಬೇರಿನ ಹೊರಮೈಯಲ್ಲಿ ಅವುಗಳ ಜಾಗಕ್ಕೆ ಹೈಡ್ರೋಜನ್ ಪೈಪೋಟಿ ಮಾಡುತ್ತದೆ. ಹಾಗಾಗಿ ದ್ರಾವಣದಲ್ಲಿ ಲೋಹ ಪೂರ್ತಿ ಕರಗಿದ್ದರೂ ಒಳಗೆ ಹೋಗುವುದು ಕಡಿಮೆಯಾಗಬಹುದು. ನಾಲ್ಕಕ್ಕಿಂತ ಕೆಳಗೆ ಬೇರಿನ ಪೊರೆಗೇ ಪೆಟ್ಟು ಬೀಳುತ್ತದೆ. ತುದಿಗಳು ಕಂದಾಗಿ, ಮೊಂಡಾಗಿ, ಕವಲೊಡೆಯುವುದು ನಿಲ್ಲುತ್ತದೆ. 1942ರಲ್ಲಿ ಆರ್ನನ್ ಮತ್ತು ಜಾನ್ಸನ್ ಮೂರರಿಂದ ಒಂಬತ್ತರ ತನಕ ಬೇರೆ ಬೇರೆ ಪಿಎಚ್‌ನಲ್ಲಿ ಟೊಮೆಟೊ, ಲೆಟಿಸ್ ಬೆಳೆಸಿ ನೋಡಿದರು. ಮೂರರಲ್ಲಿ ಗಿಡ ಉಳಿಯಲಿಲ್ಲ. ನಡುವಿನ ದೊಡ್ಡ ವ್ಯಾಪ್ತಿಯಲ್ಲಿ, ಪೋಷಕಾಂಶ ಸಿಗುವಂತೆ ನೋಡಿಕೊಂಡರೆ, ಗಿಡ ಬೆಳೆಯಿತು. ಗಿಡಕ್ಕೆ 5.8 ಅನ್ನುವ ಅಂಕಿಯ ಮೇಲೆ ಪ್ರೀತಿ ಏನಿಲ್ಲ. ಆ ಅಂಕಿಯ ಹತ್ತಿರ ಲೋಹಗಳು ಕರಗಿರುತ್ತವೆ, ಬೇರೂ ನೆಮ್ಮದಿಯಾಗಿರುತ್ತದೆ, ಅಷ್ಟೇ.

ಹುಳಿ ದ್ರಾವಣದ ಇನ್ನೊಂದು ತೊಂದರೆ ಪೈಪುಗಳದ್ದು. ಹಿತ್ತಾಳೆಯ ಕೊಳಾಯಿ, ಸತು ಲೇಪಿಸಿದ ಪೈಪು ಇದ್ದರೆ ತಾಮ್ರ, ಸತು ಅಲ್ಲಿಂದ ಕರಗಿ ಬರುತ್ತವೆ. 0.02 ಮಿಲಿಗ್ರಾಂ ಸಾಕಾಗುವ ಕಡೆ ಅದರ ಹತ್ತಿಪ್ಪತ್ತು ಪಟ್ಟು ಸೇರಿದರೆ ಬೇರಿಗೆ ವಿಷ. ದ್ರಾವಣ ಹರಿಯುವ ದಾರಿಯಲ್ಲೆಲ್ಲ ಪ್ಲಾಸ್ಟಿಕ್ ಇರಲಿ.

ಈಗ ಗಿಡದ ಕಡೆ ಬರೋಣ. ಗಿಡ ಸುಮ್ನೆ ಕೂತು ನಾವು ಕೊಟ್ಟದ್ದನ್ನು ಕುಡಿಯುವುದಿಲ್ಲ. ತೊಟ್ಟಿಯ ಪಿಎಚ್ ದಿನಾ ಬದಲಾಗುವುದಕ್ಕೆ ದೊಡ್ಡ ಕಾರಣ ಗಿಡವೇ. ನೈಟ್ರೇಟ್ ತಗೊಂಡಾಗ ಬೇರು ಹೈಡ್ರಾಕ್ಸೈಡ್ ಅಥವಾ ಬೈಕಾರ್ಬೊನೇಟ್ ಹೊರಗೆ ಬಿಡುತ್ತದೆ, ಪಿಎಚ್ ಏರುತ್ತದೆ. ಅಮೋನಿಯಂ ತಗೊಂಡಾಗ ಹೈಡ್ರೋಜನ್ ಬಿಡುತ್ತದೆ, ಪಿಎಚ್ ಇಳಿಯುತ್ತದೆ. ನಮ್ಮ ದ್ರಾವಣಗಳಲ್ಲಿ ಸಾರಜನಕ ಹೆಚ್ಚಾಗಿ ನೈಟ್ರೇಟ್ ರೂಪದಲ್ಲೇ ಇರುವುದರಿಂದ, ಚೆನ್ನಾಗಿ ಬೆಳೆಯುವ ಗಿಡ ಪಿಎಚ್ ಅನ್ನು ಮೇಲಕ್ಕೆ ತಳ್ಳುತ್ತದೆ. ಒಟ್ಟು ಸಾರಜನಕದಲ್ಲಿ ಶೇಕಡ 5ರಿಂದ 10ರಷ್ಟು ಅಮೋನಿಯಂ ಇಟ್ಟರೆ ಈ ಏರಿಕೆಗೆ ಕಡಿವಾಣ ಬೀಳುತ್ತದೆ. ದಿನಾ ಆಮ್ಲ ಸುರಿಯುವುದಕ್ಕಿಂತ ಇದು ಒಳ್ಳೆಯದು. ಒಂದು ಮಾತು: ನಾರು, ರಾಕ್‌ವೂಲ್ (ಕಲ್ಲಿನ ಉಣ್ಣೆ) ಅಂಥ ಮಾಧ್ಯಮದಲ್ಲಿ ಬೆಳೆಸುವವರು ಬೇರಿನ ಸುತ್ತಲಿನ ನೀರನ್ನು ಹಿಂಡಿ ಅಳೆಯಿರಿ. ತೊಟ್ಟಿ 5.8 ಅಂದರೂ ಬೇರಿನ ಪಕ್ಕ 7 ಇರಬಹುದು.

ಕಬ್ಬಿಣ ಸಾಲದಾದಾಗ ಗಿಡ ತಾನೇ ಹೋರಾಡುತ್ತದೆ. ಇದನ್ನು ಓದಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಟೊಮೆಟೊ, ಸೌತೆಯಂಥ ಗಿಡಗಳು ಬೇರಿನಿಂದ ಹೈಡ್ರೋಜನ್ ಅಯಾನನ್ನು ಹೊರಗೆ ಪಂಪ್ ಮಾಡಿ ಬೇರಿನ ಮೈಸುತ್ತ ಹುಳಿ ಮಾಡಿಕೊಳ್ಳುತ್ತವೆ. ಆಮೇಲೆ ಬೇರಿನ ಮೈಮೇಲೆ ಇರುವ ಒಂದು ಕಿಣ್ವ ಫೆರಿಕ್ ಕಬ್ಬಿಣವನ್ನು ಫೆರಸ್ ಮಾಡುತ್ತದೆ. ಚಿಲೇಟ್‌ನ ಹಿಡಿತ ಅಲ್ಲಿ ಸಡಿಲವಾಗುತ್ತದೆ, ಕಬ್ಬಿಣ ಒಳಗೆ ಹೋಗುತ್ತದೆ. ಹುಲ್ಲಿನ ಜಾತಿಯವು, ಅಂದರೆ ಭತ್ತ, ಜೋಳ, ಬಾರ್ಲಿ, ಬೇರೆ ದಾರಿ ಹಿಡಿದಿವೆ. ಅವು ಬೇರಿನಿಂದ ತಮ್ಮದೇ ಚಿಲೇಟ್ ಬಿಡುತ್ತವೆ. ಅದು ಹೊರಗೆ ಹೋಗಿ ಕಬ್ಬಿಣ ಹಿಡಿದುಕೊಂಡ ಮೇಲೆ, ಕಬ್ಬಿಣದ ಸಮೇತ ಬೇರು ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ನಾವು 1951ರಲ್ಲಿ ಕಲಿತದ್ದು ಹುಲ್ಲಿಗೆ ಮೊದಲೇ ಗೊತ್ತಿತ್ತು.

ಟೊಮೆಟೊ ಗಿಡದ ಈ ಹೋರಾಟವನ್ನು ಸೋಲಿಸುವುದು ಬೈಕಾರ್ಬೊನೇಟ್. ಗಿಡ ಎಷ್ಟು ಹೈಡ್ರೋಜನ್ ಬಿಟ್ಟರೂ ಬೈಕಾರ್ಬೊನೇಟ್ ಅದನ್ನು ನುಂಗಿಹಾಕುತ್ತದೆ. ಇಲ್ಲೇ ನೀರಿನ ವಿಷಯ ಬರುವುದು. ಎರಡು ನೀರು ತಗೊಳ್ಳಿ. ಒಂದರ ಪಿಎಚ್ 8.2, ಬೈಕಾರ್ಬೊನೇಟ್ ಲೀಟರ್‌ಗೆ 30 ಮಿಲಿಗ್ರಾಂ. ಇನ್ನೊಂದರ ಪಿಎಚ್ 7.4, ಬೈಕಾರ್ಬೊನೇಟ್ 300 ಮಿಲಿಗ್ರಾಂ. ಯಾವುದು ತೊಂದರೆಯ ನೀರು? ಮೀಟರ್ ಮಾತ್ರ ನೋಡುವವರು ಮೊದಲನೆಯದು ಅನ್ನುತ್ತಾರೆ. ನಿಜವಾಗಿ ಎರಡನೆಯದು. ಅದನ್ನು 5.8ಕ್ಕೆ ಇಳಿಸಲು ಹತ್ತಿರ ಹತ್ತು ಪಟ್ಟು ಆಮ್ಲ ಬೇಕು. 61 ಮಿಲಿಗ್ರಾಂ ಬೈಕಾರ್ಬೊನೇಟ್ ಅಂದರೆ ಒಂದು ಮಿಲಿಮೋಲ್ (ಕಣಗಳ ಎಣಿಕೆಯ ಅಳತೆ), ಅದಕ್ಕೆ ಒಂದು ಮಿಲಿಮೋಲ್ ಆಮ್ಲ. 5.8 ತಲುಪಬೇಕಾದರೆ ಇರುವ ಬೈಕಾರ್ಬೊನೇಟ್‌ನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಮುಗಿಯಬೇಕು. ಆಮ್ಲ ಹಾಕಿದಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹೊರಗೆ ಹೋಗುತ್ತದೆ, ಹೋದ ಮೇಲೆ ಪಿಎಚ್ ಮತ್ತೆ ಸ್ವಲ್ಪ ಏರುತ್ತದೆ. ರಾತ್ರಿ 5.8 ಮಾಡಿ ಮಲಗಿದವರು ಬೆಳಿಗ್ಗೆ 6.6 ನೋಡಿ ಗಾಬರಿಯಾಗುವುದು ಇದರಿಂದಲೇ. ಹೊಸ ನೀರಿಗೆ ಆಮ್ಲ ಹಾಕಿ, ಒಂದು ರಾತ್ರಿ ಗಾಳಿಯಾಡಿಸಿ, ಬೆಳಿಗ್ಗೆ ಇನ್ನೊಮ್ಮೆ ಸರಿ ಮಾಡಿ, ಆಮೇಲೆ ಪೋಷಕಾಂಶ ಹಾಕಿ. ಆಮ್ಲವನ್ನು ಯಾವಾಗಲೂ ನೀರಿಗೆ ಹಾಕಿ, ನೀರನ್ನು ಆಮ್ಲಕ್ಕೆ ಹಾಕಲೇಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ.

ದಟ್ಟ ದ್ರಾವಣದ ಡಬ್ಬಿಗಳ ಬಗ್ಗೆಯೂ ಒಂದು ಎಚ್ಚರಿಕೆ. ಹುಳಿ ಕಬ್ಬಿಣಕ್ಕೆ ಒಳ್ಳೆಯದು ಅಂದೆ. ಹಾಗಂತ ಚಿಲೇಟ್ ಇರುವ ಡಬ್ಬಿಗೇ ದಟ್ಟ ಆಮ್ಲ ಸುರಿಯಬಾರದು. ತುಂಬ ಹುಳಿಯಲ್ಲಿ ಹೈಡ್ರೋಜನ್ ಹೋಗಿ ಚಿಲೇಟ್‌ನ ಕೈಗಳನ್ನೇ ಕಟ್ಟಿಹಾಕುತ್ತದೆ, ಕಬ್ಬಿಣ ಬಿಟ್ಟುಹೋಗುತ್ತದೆ. ಆಮ್ಲಕ್ಕೆ ಬೇರೆ ಡಬ್ಬಿ ಇಡಿ. ಬಿಸಿಲೂ ಚಿಲೇಟ್‌ಗೆ ಶತ್ರು. ಇಡಿಟಿಎ, ಡಿಟಿಪಿಎ ಕಬ್ಬಿಣ ಬೆಳಕಿನಲ್ಲಿ ಒಡೆಯುತ್ತವೆ. ತೊಟ್ಟಿಗೆ ಮುಚ್ಚಳ ಹಾಕುವುದು ಪಾಚಿ ತಡೆಯಲು ಮಾತ್ರ ಅಂದುಕೊಳ್ಳಬೇಡಿ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಆಮೇಲೆ ಬಂದ ಮೊದಲ ಪ್ರಶ್ನೆ: "ಸರ್, ಹಾಗಿದ್ದರೆ ಎಲ್ಲರೂ ಇಡಿಡಿಎಚ್‌ಎ ಹಾಕಿಬಿಟ್ಟರೆ ಆಯ್ತಲ್ವಾ? ಪಿಎಚ್ ಗೋಜೇ ಇರಲ್ಲ."

ಕಬ್ಬಿಣದ ಗೋಜು ಹೋಗುತ್ತದೆ, ಒಪ್ಪುತ್ತೇನೆ. ನಿಮ್ಮ ನೀರು ಗಡುಸಾಗಿದ್ದು, ಪಿಎಚ್ ಏಳರ ಕೆಳಗೆ ನಿಲ್ಲಿಸುವುದು ಆಗುವುದೇ ಇಲ್ಲ ಅನ್ನುವುದಾದರೆ ಅದನ್ನೇ ಹಾಕಿ. ಕೊಳ್ಳುವಾಗ ಲೇಬಲ್‌ನಲ್ಲಿ ಆರ್ಥೋ-ಆರ್ಥೋ ಪಾಲು ಎಷ್ಟು ಅಂತ ನೋಡಿ, ಗಟ್ಟಿ ಹಿಡಿತ ಇರುವುದು ಆ ರೂಪಕ್ಕೆ. ಆದರೆ ಏಳೂವರೆಯಲ್ಲಿ ಮ್ಯಾಂಗನೀಸ್ ಗಸಿಯಾಗುವುದನ್ನು, ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿ ಬೀಳುವುದನ್ನು ಅದು ತಡೆಯುವುದಿಲ್ಲ. ಎಲೆ ಹಸಿರಾಗಿದೆ ಅಂತ ನೀವು ನಿಶ್ಚಿಂತರಾಗಿರುತ್ತೀರಿ, ಅಷ್ಟರಲ್ಲಿ ಇನ್ನೊಂದು ಕೊರತೆ ಶುರುವಾಗಿರುತ್ತದೆ.

ಎರಡನೇ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿಯದು: "ಎಲೆ ಆಗಲೇ ಹಳದಿಯಾಗಿದ್ದರೆ, ಎಲೆ ಮೇಲೇ ಕಬ್ಬಿಣ ಸಿಂಪಡಿಸಬಹುದಾ?"

ಸಿಂಪಡಿಸಬಹುದಮ್ಮ, ತೆಳುವಾಗಿ, ಬಿಸಿಲು ಇಳಿದ ಮೇಲೆ. ತಗಲಿದ ಕಡೆ ಹಸಿರಾಗುತ್ತದೆ. ಎಷ್ಟೋ ಸಲ ಹನಿ ಬಿದ್ದ ಜಾಗ ಮಾತ್ರ ಹಸಿರಾಗಿ ಎಲೆಯೆಲ್ಲ ಚುಕ್ಕಿ ಚುಕ್ಕಿ ಕಾಣುತ್ತದೆ. ಅದನ್ನು ನೋಡಿದರೆ ನಿನಗೇ ಗೊತ್ತಾಗುತ್ತದೆ, ಕಬ್ಬಿಣ ಎಲೆಯೊಳಗೆ ಹೆಚ್ಚು ದೂರ ನಡೆಯುವುದಿಲ್ಲ ಅಂತ. ನಾಳೆ ಹುಟ್ಟುವ ಎಲೆಗೆ ಇವತ್ತಿನ ಸಿಂಪಡಣೆ ತಲುಪುವುದು ಕಷ್ಟ, ಅದಕ್ಕೆ ಬೇರಿನಿಂದಲೇ ಬರಬೇಕು. ತೊಟ್ಟಿಯ ಪಿಎಚ್ ಸರಿ ಮಾಡಿದ ದಿನ, ಸುಳಿಯಲ್ಲಿರುವ ಅತಿ ಚಿಕ್ಕ ಎಲೆಗೆ ಒಂದು ದಾರ ಕಟ್ಟು. ಹಳೆಯ ಹಳದಿ ಎಲೆಗಳನ್ನು ನೋಡುತ್ತಾ ಕೂರಬೇಡ, ಅವು ಪೂರ್ತಿ ಹಸಿರಾಗದೇ ಇರಬಹುದು. ದಾರದ ಮೇಲೆ ಬರುವ ಎಲೆಗಳನ್ನು ನೋಡು.